ಹಾಡಿದ್ದು ನಿಮ್ಮದೇ ಹಾಡು, ರಾಯಲ್ಟಿ ಯಾರಿಗೆ ಹೋಯ್ತು?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಸ್ಟೇಜ್ ಮೇಲೆ ತಮ್ಮ ಹಾಡು ತಾವೇ ಹಾಡೋರು, ಹಾಡು ಬರೆದು ಬೇರೆಯವರ ಕೈಗೆ ಕೊಟ್ಟು ಮನೇಲಿ ಕೂರೋರು, ಇಬ್ಬರೂ ಕೇಳಿರೋದು ಲೈವ್ ಶೋ ರಾಯಲ್ಟಿ ಬಗ್ಗೆ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಈ ಸಂಚಿಕೆಯ ಜಾಗ ಪೂರ್ತಿ ಇದಕ್ಕೇ ಕೊಟ್ಟಿದೀನಿ.

ಪ್ರಶ್ನೆ: ಮೇಡಂ, ನಮ್ಮದೊಂದು ಬ್ಯಾಂಡ್ ಇದೆ. ಹಾಡು ಬರೆಯೋದೂ ನಾನೇ, ಹಾಡೋದೂ ನಾನೇ. ಶೋ ಮುಗಿದ ಮೇಲೆ ಮಾತಾಡಿದಷ್ಟು ಪೇಮೆಂಟ್ ಕೊಟ್ಟಿದ್ದಾರೆ. ಅದರ ಮೇಲೆ ರಾಯಲ್ಟಿ ಅಂತ ಬೇರೆ ದುಡ್ಡು ಬರುತ್ತೆ ಅಂತ ಒಬ್ರು ಹೇಳಿದ್ರು. ನಿಜಾನಾ? ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಹೇಗೆ?

ಉತ್ತರ: ನಿಜ. ಆದ್ರೆ ಅದು ಒಂದೇ ಕೆಲಸ ಅಲ್ಲ, ಎರಡು. ಸ್ಟೇಜ್ ಹತ್ತಿ ಹಾಡಿದ್ದಕ್ಕೆ ಕೊಟ್ಟಿದ್ದು ಪೇಮೆಂಟ್. ಆ ಹಾಡನ್ನ ಯಾವತ್ತೋ ಕೂತು ಬರೆದಿದ್ರಲ್ಲ, ಅದು ಜನರ ಮುಂದೆ ಬಳಕೆ ಆಗಿದ್ದಕ್ಕೆ ಸಿಗೋದು ರಾಯಲ್ಟಿ. ಹಾಡೋ ನೀವು ಮತ್ತೆ ಬರೆದ ನೀವು, ಕಾನೂನಿನ ಲೆಕ್ಕದಲ್ಲಿ ಇಬ್ಬರು ಬೇರೆ ಬೇರೆ ವ್ಯಕ್ತಿಗಳು ಅಂದ್ಕೊಳ್ಳಿ. ನಾಳೆ ಅದೇ ಹಾಡನ್ನ ಬೇರೆ ಯಾರೋ ಹಾಡಿದ್ರೆ ಪೇಮೆಂಟ್ ಅವರಿಗೆ ಹೋಗುತ್ತೆ, ರಾಯಲ್ಟಿ ಮಾತ್ರ ನಿಮಗೇ ಬರ್ಬೇಕು.

ಇದು ಈಗಿನ ಕಾಲದಲ್ಲಿ ಹುಟ್ಟಿದ ಹಕ್ಕೇನಲ್ಲ. 1847ರಲ್ಲಿ ಪ್ಯಾರಿಸ್‌ನ ಒಂದು ಕೆಫೆಯಲ್ಲಿ ಅರ್ನೆಸ್ಟ್ ಬೂರ್ಜೆ ಅನ್ನೋ ಗೀತರಚನೆಕಾರ ಕೂತಿದ್ರು, ಅಲ್ಲಿ ಅವರದ್ದೂ ಅವರ ಗೆಳೆಯರದ್ದೂ ಹಾಡುಗಳನ್ನೇ ಹಾಡಿಸ್ತಿದ್ರು, ಬರೆದವರಿಗೆ ಮಾತ್ರ ಏನೂ ಕೊಟ್ಟಿರಲಿಲ್ಲ. ಬಿಲ್ ಬಂದಾಗ ಬೂರ್ಜೆ ಕೊಡಲ್ಲ ಅಂದ್ರು: ನನ್ನ ಹಾಡಿಗೆ ನೀವು ಕೊಟ್ಟಿಲ್ಲ, ನಿಮ್ಮ ಪಾನೀಯಕ್ಕೆ ನಾನ್ಯಾಕೆ ಕೊಡ್ಲಿ ಅನ್ನೋದು ಅವರ ವಾದ. ವಿಷಯ ಕೋರ್ಟಿಗೆ ಹೋಯ್ತು, ಬೂರ್ಜೆ ಗೆದ್ರು, ಅದರ ಬೆನ್ನಲ್ಲೇ 1851ರಲ್ಲಿ ಸಾಸೆಮ್ ಅನ್ನೋ ಸಂಸ್ಥೆ ಶುರುವಾಯ್ತು. ಫ್ರಾನ್ಸ್‌ನಲ್ಲಿ ಹಾಡು ಬರೆದವರ ಪರವಾಗಿ ದುಡ್ಡು ವಸೂಲಿ ಮಾಡೋದು ಇವತ್ತಿಗೂ ಅದೇ ಸಂಸ್ಥೆ. ಇಂಥದ್ದೇ ರಾಯಲ್ಟಿ ಸಂಸ್ಥೆಗಳು ಅಮೆರಿಕದಲ್ಲಿ ಆಸ್ಕ್ಯಾಪ್, ಬ್ರಿಟನ್‌ನಲ್ಲಿ ಪಿಆರ್‌ಎಸ್, ಎರಡೂ 1914ರಲ್ಲಿ ಹುಟ್ಟಿದ್ದು. ಭಾರತದ ಐಪಿಆರ್‌ಎಸ್ 1969ರದ್ದು.

ಇನ್ನೊಂದು ಕೇಸೂ ಗೊತ್ತಿರಲಿ, ಯಾಕಂದ್ರೆ ಇದೇ ವಾದವನ್ನ ಇವತ್ತೂ ನಿಮ್ಮ ಮುಂದೆ ಇಡ್ತಾರೆ. "ನಾವು ಸಂಗೀತಕ್ಕೆ ಅಂತ ಟಿಕೆಟ್ ಇಟ್ಟಿಲ್ವಲ್ಲ, ಮತ್ಯಾಕೆ ರಾಯಲ್ಟಿ?" ಅಂತ ಅಮೆರಿಕದ ಒಂದು ರೆಸ್ಟೋರೆಂಟ್ ವಾದ ಮಾಡ್ತು, ಎದುರು ಪಾರ್ಟಿ ಸಂಗೀತ ಸಂಯೋಜಕ ವಿಕ್ಟರ್ ಹರ್ಬರ್ಟ್. 1917ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹರ್ಬರ್ಟ್ ಪರ ನಿಂತಿತು. ಜಸ್ಟಿಸ್ ಹೋಮ್ಸ್ ಹೇಳಿದ್ದರ ಸಾರ ಇಷ್ಟು: ಜನ ಕೊಡೋ ದುಡ್ಡಲ್ಲಿ ಸಂಗೀತದ ಪಾಲೂ ಸೇರಿದೆ, ಅದರಿಂದ ಲಾಭ ಇಲ್ಲದಿದ್ರೆ ಮಾಲೀಕರು ಅದನ್ನ ಇಟ್ಕೊಳ್ತಾನೇ ಇರಲಿಲ್ಲ. ಎಂಟ್ರಿ ಫ್ರೀ ಅಂದ ಮಾತ್ರಕ್ಕೆ ಹಾಡು ಫ್ರೀ ಆಗಲ್ಲ.

ಪ್ರಶ್ನೆ: ಈ ದುಡ್ಡು ಕಟ್ಟೋದು ಯಾರು? ನಾವಾ, ಹಾಲ್‌ನವರಾ, ಶೋ ಮಾಡಿಸೋರಾ? ಒಬ್ಬ ಆರ್ಗನೈಸರ್ "ರಾಯಲ್ಟಿ ಎಲ್ಲಾ ನಿಮ್ಮ ಪೇಮೆಂಟಲ್ಲೇ ಸೇರಿದೆ" ಅಂದುಬಿಟ್ರು.

ಉತ್ತರ: ಸಾಮಾನ್ಯವಾಗಿ ಕಟ್ಟೋದು ಜಾಗದವರು ಅಥವಾ ಶೋ ಮಾಡಿಸೋರು. ಹಾಡೋರು ಅಲ್ಲ. ಅವರು ರಾಯಲ್ಟಿ ಸಂಸ್ಥೆಯಿಂದ ಲೈಸೆನ್ಸ್ ತಗೊಳ್ತಾರೆ, ಆ ಒಂದು ಲೈಸೆನ್ಸಲ್ಲಿ ಸಂಸ್ಥೆಯ ಕೈಯಲ್ಲಿರೋ ಲಕ್ಷಾಂತರ ಹಾಡುಗಳಿಗೆ ಒಟ್ಟಿಗೇ ಅನುಮತಿ ಸಿಗುತ್ತೆ. ಇಲ್ಲದಿದ್ರೆ ಪ್ರತಿ ಹಾಡಿಗೂ ಬರೆದವರನ್ನ ಹುಡುಕ್ಕೊಂಡು ಹೋಗಿ ಕೇಳ್ಬೇಕಿತ್ತು, ಅದು ಆಗೋ ಮಾತಲ್ಲ.

ಲೆಕ್ಕ ಎರಡು ಥರ. ದೊಡ್ಡ ಕಾನ್ಸರ್ಟ್ ಆದ್ರೆ ಟಿಕೆಟ್ ಆದಾಯದಲ್ಲಿ ಇಷ್ಟು ಪರ್ಸೆಂಟ್ ಅಂತ. ದಿನಾ ಲೈವ್ ಮ್ಯೂಸಿಕ್ ಇಡೋ ಚಿಕ್ಕ ಜಾಗ ಆದ್ರೆ ಎಷ್ಟು ಜನ ಕೂರಬಹುದು, ವಾರಕ್ಕೆ ಎಷ್ಟು ದಿನ ಹಾಡಿಸ್ತೀರ ಅಂತ ನೋಡಿ ವರ್ಷಕ್ಕೊಂದು ಮೊತ್ತ ಗೊತ್ತು ಮಾಡ್ತಾರೆ. ಬ್ರಿಟನ್‌ನಲ್ಲಿ ಪಾಪ್ ಕಾನ್ಸರ್ಟ್‌ಗಳಿಗೆ 1988ರಿಂದ ಶೇ. 3 ಇತ್ತು, ಮೂವತ್ತು ವರ್ಷ ಅದು ಅಲ್ಲಾಡಲೇ ಇಲ್ಲ, 2018ರಲ್ಲಿ ಅಲ್ಲಿನ ಕಾಪಿರೈಟ್ ಟ್ರಿಬ್ಯೂನಲ್ ಒಪ್ಪಿದ ಮೇಲೆ ಶೇ. 4.2 ಆಯ್ತು, ದೊಡ್ಡ ಔಟ್‌ಡೋರ್ ಫೆಸ್ಟಿವಲ್‌ಗಳಿಗೆ ಶೇ. 2.7. ಮಿಕ್ಕ ದೇಶಗಳಲ್ಲಿ ರೇಟು ಬೇರೆ ಬೇರೆ, ವಿಧಾನ ಹೆಚ್ಚುಕಮ್ಮಿ ಇದೇ.

ಇನ್ನು ನಿಮ್ಮ ಆರ್ಗನೈಸರ್ ಹೇಳಿದ ಮಾತು. ಬಾಯಲ್ಲಿ ಹಾಗಂದ್ರೆ ಅದಕ್ಕೆ ಬೆಲೆ ಇಲ್ಲ, ನೀವು ಸಂಸ್ಥೆಯ ಮೆಂಬರ್ ಆಗಿದ್ರೆ ಆ ದುಡ್ಡು ಅವರು ಸಂಸ್ಥೆಗೇ ಕಟ್ಟಬೇಕು. ಆದ್ರೆ ಕಾಂಟ್ರ್ಯಾಕ್ಟ್ ಕಾಗದದಲ್ಲಿ ಬರೆದು ಸೈನ್ ಹಾಕಿಸ್ಕೊಳ್ತಿದ್ರೆ ಹುಷಾರು. ಇನ್ನೊಂದು ಕಡೆನೂ ಕಣ್ಣಿಡಿ: "ಖರ್ಚು ಕಳೆದು ಉಳಿದಿದ್ರಲ್ಲಿ ಇಷ್ಟು ಪಾಲು" ಅಂತ ಡೀಲ್ ಆಗಿದ್ರೆ, ಸೌಂಡು, ಲೈಟು, ಹಾಲ್ ಬಾಡಿಗೆ ಜೊತೆಗೆ ರಾಯಲ್ಟಿ ಲೈಸೆನ್ಸ್ ಫೀಸನ್ನೂ ಖರ್ಚಿನ ಪಟ್ಟಿಗೆ ಸೇರಿಸಿರ್ತಾರೆ. ಅದು ತಪ್ಪೇನಲ್ಲ, ಎಲ್ಲಾ ಕಡೆ ನಡೆಯೋದೇ. ಆದ್ರೆ ಹಾಗೆ ಕಳೆದ ಮೇಲೆ ಅದನ್ನ ನಿಜವಾಗ್ಲೂ ಸಂಸ್ಥೆಗೆ ಕಟ್ಟಿದಾರಾ ಅಂತ ರಸೀದಿ ಕೇಳಿ. ಕೇಳೋಕೆ ಸಂಕೋಚ ಬೇಡ, ಅದು ನಿಮ್ಮ ಪಾಲಿಂದಲೇ ಹೋಗಿರೋ ದುಡ್ಡು.

ಪ್ರಶ್ನೆ: ನಾನು ರಾಯಲ್ಟಿ ಸಂಸ್ಥೆಗೆ ಮೆಂಬರ್ ಆಗಿ ತುಂಬಾ ದಿನ ಆಯ್ತು. ಶೋಗಳು ನಡೀತಾನೇ ಇವೆ, ಜಾಗದವರು ಲೈಸೆನ್ಸ್ ಇದೆ ಅಂತಾನೂ ತೋರಿಸ್ತಾರೆ. ಆದ್ರೂ ಲೈವ್ ಶೋ ಲೆಕ್ಕದಲ್ಲಿ ಒಂದು ಪೈಸೆನೂ ಬಂದಿಲ್ಲ. ಸಂಸ್ಥೆಯವರೇ ನುಂಗ್ತಿದಾರಾ?

ಉತ್ತರ: ಈ ಒಂದು ಪ್ರಶ್ನೆಗೋಸ್ಕರನೇ ನಾನು ಇಡೀ ಕಾಲಂ ಇದಕ್ಕೆ ಕೊಟ್ಟಿದ್ದು. ಯಾರೂ ನುಂಗ್ತಿಲ್ಲ ಅಂತ ನಾನು ಹೇಗೆ ಹೇಳ್ಲಿ, ಆದ್ರೆ ಅದಕ್ಕೂ ಮುಂಚೆ ಒಂದು ಕೇಳ್ತೀನಿ: ಸೆಟ್‌ಲಿಸ್ಟ್, ಅಂದ್ರೆ ಶೋದಲ್ಲಿ ಹಾಡಿದ ಹಾಡುಗಳ ಪಟ್ಟಿ, ಕೊಟ್ಟಿದೀರಾ?

ನೋಡಿ, ದುಡ್ಡು ಆಗಲೇ ವಸೂಲಾಗಿದೆ. ಆ ರಾತ್ರಿಯ ಶೋಗೆ ಫೀಸು ಕಟ್ಟಿದಾರೆ, ಅದು ಸಂಸ್ಥೆಯ ಖಾತೆಯಲ್ಲಿ ಕೂತಿದೆ. ಆದ್ರೆ ಅವತ್ತು ಸ್ಟೇಜ್ ಮೇಲೆ ಯಾವ ಹಾಡು ಕೇಳಿಬಂತು ಅಂತ ಸಂಸ್ಥೆಗೆ ಗೊತ್ತಾಗೋದು ಹೇಗೆ? ರೇಡಿಯೋ, ಸ್ಟ್ರೀಮಿಂಗ್‌ನಲ್ಲಿ ಲಾಗ್ ತಾನಾಗೇ ಸಿಗುತ್ತೆ, ಸ್ಟೇಜಿಗೆ ಅಂಥದ್ದು ಇಲ್ಲ. ಅದಕ್ಕೆ ಹಾಡಿದವರು ಹೇಳ್ಬೇಕು, ಇವೇ ಹಾಡುಗಳನ್ನ ಹಾಡಿದ್ವಿ ಅಂತ. ಅತಿ ದೊಡ್ಡ ಟೂರುಗಳಾದ್ರೆ ಸಂಸ್ಥೆಯವರೇ ಸೆಟ್‌ಲಿಸ್ಟ್ ತರಿಸ್ಕೊಳ್ತಾರೆ. ಚಿಕ್ಕ ಶೋಗೆ ಯಾರೂ ಬಂದು ಕೇಳಲ್ಲ. ನೀವು ಹೇಳಲಿಲ್ಲ ಅಂದ್ರೆ ಆ ದುಡ್ಡು ಹಾಗೇ ಕೂತಿರಲ್ಲ, ಲೆಕ್ಕ ಕೊಟ್ಟಿರೋ ಬೇರೆಯವರಿಗೋ, ರೇಡಿಯೋ ಥರದ ಬೇರೆ ಲೆಕ್ಕ ನೋಡಿಕೊಂಡು ಹೆಚ್ಚು ಕೇಳಿಬರೋ ಹಾಡುಗಳಿಗೋ ಹಂಚಿಹೋಗುತ್ತೆ. ಅಂದ್ರೆ ನಿಮ್ಮ ಶೋದ ದುಡ್ಡು ಅವತ್ತು ಆ ಸ್ಟೇಜಿನ ಹತ್ತಿರಕ್ಕೂ ಬರದ ಯಾವುದೋ ಹಿಟ್ ಹಾಡಿನ ಖಾತೆಗೆ ಹೋಗಿರುತ್ತೆ. ನನಗೆ ಸಂಕಟ ಆಗೋದು ಇಲ್ಲೇ. ಹೆಚ್ಚು ಬೇಕಾಗಿರೋರ ಕೈಗೇ ಇದು ಸಿಗಲ್ಲ, ಅದೂ ಒಂದು ಫಾರ್ಮ್ ತುಂಬದೇ ಇದ್ದಿದ್ದಕ್ಕೆ.

ಫಾರ್ಮ್ ತುಂಬೋಕೂ ಮುಂಚೆ ಹಾಡು ರಿಜಿಸ್ಟರ್ ಆಗಿರ್ಬೇಕು. ಮೆಂಬರ್ ಆಗೋದು ಬೇರೆ, ಹಾಡು ರಿಜಿಸ್ಟರ್ ಮಾಡೋದು ಬೇರೆ, ಇದನ್ನ ತುಂಬಾ ಜನ ಒಂದೇ ಅಂದ್ಕೊಂಡಿದಾರೆ. ಮೆಂಬರ್ ಆದಾಗ ನಿಮಗೆ ಐಪಿಐ ಅಂತ ಒಂದು ನಂಬರ್ ಸಿಗುತ್ತೆ, ಅದು ನಿಮ್ಮ ಗುರುತು. ಹಾಡು ರಿಜಿಸ್ಟರ್ ಆದ್ಮೇಲೆ ಹಾಡಿಗೇ ಐಎಸ್‌ಡಬ್ಲ್ಯುಸಿ ಅಂತ ಒಂದು ನಂಬರ್, ಅದು ಹಾಡಿನ ಗುರುತು. ಎರಡೂ ಜಗತ್ತಿನಾದ್ಯಂತ ಒಂದೇ. ಸ್ಟುಡಿಯೋ ರೆಕಾರ್ಡಿಂಗ್‌ಗೆ ಕೊಡೋ ಐಎಸ್‌ಆರ್‌ಸಿ ಇದಲ್ಲ. ಲೈವ್ ಶೋಗೆ ರೆಕಾರ್ಡಿಂಗ್‌ನ ಸಂಬಂಧ ಇಲ್ಲ, ಇಲ್ಲಿ ಲೆಕ್ಕಕ್ಕೆ ಬರೋದು ಪದ ಮತ್ತು ಟ್ಯೂನ್ ಮಾತ್ರ. ಹಾಗಾಗಿ ಇನ್ನೂ ರಿಲೀಸೇ ಆಗದ, ರೆಕಾರ್ಡೇ ಮಾಡದ ಹೊಸ ಹಾಡನ್ನ ಸ್ಟೇಜ್ ಮೇಲೆ ಹಾಡಿದ್ರೂ ಅದು ರಿಜಿಸ್ಟರ್ ಆಗಿದ್ರೆ ರಾಯಲ್ಟಿ ಬರುತ್ತೆ.

ಈಗ ಫಾರ್ಮ್. ಅಮೆರಿಕದಲ್ಲಿ ಆಸ್ಕ್ಯಾಪ್‌ನವರ ಆನ್‌ಸ್ಟೇಜ್, ಅಲ್ಲಿನದೇ ಇನ್ನೊಂದು ಸಂಸ್ಥೆ ಬಿಎಂಐನವರ ಬಿಎಂಐ ಲೈವ್, ಆಸ್ಟ್ರೇಲಿಯಾದ ಸಂಸ್ಥೆ ಅಪ್ರಾದಲ್ಲಿ ಪರ್ಫಾರ್ಮೆನ್ಸ್ ರಿಪೋರ್ಟ್, ಹೆಸರು ಏನೇ ಇರಲಿ ಕೇಳೋದು ಇವನ್ನೇ: ಶೋ ತಾರೀಖು, ಜಾಗದ ಪೂರ್ತಿ ಹೆಸರು ಮತ್ತು ವಿಳಾಸ, ಮಾಡಿಸಿದ್ದು ಯಾರು, ನಿಮ್ಮದು ಮುಖ್ಯ ಶೋನಾ ಅಥವಾ ಅದಕ್ಕೂ ಮುಂಚೆ ಹಾಡೋ ಓಪನಿಂಗಾ, ಆಮೇಲೆ ಹಾಡುಗಳು. ಹಾಡಿನ ಹೆಸರು ರಿಜಿಸ್ಟರ್ ಮಾಡಿಸಿದ ಹಾಗೇ ಇರ್ಬೇಕು. ಎಷ್ಟೋ ದುಡ್ಡು ಸಿಕ್ಕಿಹಾಕ್ಕೊಳ್ಳೋದು ಇಲ್ಲಿ. ಸ್ಟೇಜ್ ಮೇಲೆ ಅಂಟಿಸೋ ಚೀಟಿಯಲ್ಲಿ ನಾವು "ಸ್ಲೋ ಹಾಡು", "ಮಳೆ ಹೊಸದು" ಅಂತ ಬರ್ಕೊಂಡಿರ್ತೀವಿ, ಅದನ್ನೇ ಯಾರೋ ಫೋಟೋ ಹೊಡೆದು ಕಳಿಸಿಬಿಡ್ತಾರೆ, ಸಂಸ್ಥೆಯ ಡೇಟಾಬೇಸಲ್ಲಿ ಆ ಹೆಸರಿನ ಹಾಡು ಇರೋದೇ ಇಲ್ಲ. ಎರಡು ಹಾಡು ಸೇರಿಸಿ ಮೆಡ್ಲಿ ಮಾಡಿದ್ರೆ ಎರಡನ್ನೂ ಬೇರೆ ಬೇರೆಯಾಗಿ ಬರೀರಿ. ಜನ ಒನ್ಸ್ ಮೋರ್ ಅಂದಿದ್ದಕ್ಕೆ ಕೊನೇಲಿ ಹಾಡಿದ್ದನ್ನ ಮರೀಬೇಡಿ. ಪೋಸ್ಟರ್, ಕಾಂಟ್ರ್ಯಾಕ್ಟ್, ಆರ್ಗನೈಸರ್ ಕಳಿಸಿದ ಮೆಸೇಜು ಎತ್ತಿಟ್ಕೊಳ್ಳಿ, ಶೋ ನಡೆದಿದ್ದಕ್ಕೆ ಸಾಕ್ಷಿ ಕೇಳಬಹುದು. ಮತ್ತೆ ಪ್ರತಿ ಸಂಸ್ಥೆಗೂ ಒಂದು ಗಡುವು ಇರುತ್ತೆ, ದಾಟಿದ್ರೆ ಆ ಶೋ ಕಥೆ ಮುಗೀತು. ಬ್ಯಾಂಡಲ್ಲಿ ಒಬ್ಬರನ್ನ ಇದಕ್ಕೇ ಅಂತ ಗೊತ್ತು ಮಾಡಿ, ಶೋ ಮುಗಿದು ವಾಪಸ್ ಬರೋ ಗಾಡಿಯಲ್ಲೇ ಫೋನಲ್ಲಿ ತುಂಬಿ ಮುಗಿಸಲಿ.

ಒಂದು ಲೆಕ್ಕ ತೋರಿಸ್ತೀನಿ. ಬ್ರಿಟನ್‌ನ ರೇಟೇ ಇಟ್ಕೊಳ್ಳಿ, ಟಿಕೆಟ್‌ನಿಂದ 1,00,000 ಪೌಂಡ್ ಬಂದಿದೆ, ಶೇ. 4.2 ಅಂದ್ರೆ 4,200 ಪೌಂಡ್. ಒಟ್ಟು 14 ಹಾಡು ಹಾಡಿದಾರೆ, ಸಮವಾಗಿ ಹಂಚಿದ್ರೆ ಹಾಡಿಗೆ 300. ಅದರಲ್ಲಿ ಎರಡು ಹಾಡು ನೀವೊಬ್ಬರೇ ಬರೆದಿದ್ದು ಅಂದ್ರೆ 600 ಪೌಂಡ್, ಅದರಲ್ಲಿ ಸಂಸ್ಥೆಯ ಕಮಿಷನ್ ಹೋಗುತ್ತೆ. ನಿಜವಾದ ಹಂಚಿಕೆಯಲ್ಲಿ ಹಾಡಿನ ಉದ್ದ, ಓಪನಿಂಗ್ ಮಾಡಿದವರ ಪಾಲು ಎಲ್ಲಾ ಬರುತ್ತೆ, ಇದು ಅಂದಾಜಿಗೆ ಅಷ್ಟೇ. ಗಮನಿಸಿ, ಆ ಶೋದಲ್ಲಿ ನೀವು ಹಾಡ್ಬೇಕು ಅಂತಾನೂ ಇಲ್ಲ, ನಿಮ್ಮ ಹಾಡು ಇದ್ರೆ ಸಾಕು.

ಇಷ್ಟೆಲ್ಲಾ ಸರಿಯಾಗಿ ಮಾಡಿದ ಮೇಲೂ ಬರಲಿಲ್ಲ ಅಂದ್ರೆ ಆಗ ಸಂಸ್ಥೆಯ ಬಾಗಿಲು ಬಡೀರಿ, ಬರವಣಿಗೆಯಲ್ಲಿ ಕೇಳಿ. ಉತ್ತರ ಕೊಡೋದು ಅವರ ಜವಾಬ್ದಾರಿ.

ಪ್ರಶ್ನೆ: ನಾವು ಹಾಡೋದ್ರಲ್ಲಿ ಮುಕ್ಕಾಲು ಭಾಗ ಬೇರೆಯವರ ಹಾಡು. ಅದಕ್ಕೆ ನಾವು ಪರ್ಮಿಷನ್ ತಗೋಬೇಕಾ? ನಮಗೇನಾದ್ರೂ ರಾಯಲ್ಟಿ ಬರುತ್ತಾ?

ಉತ್ತರ: ಜಾಗಕ್ಕೆ ಲೈಸೆನ್ಸ್ ಇದ್ರೆ ಬೇರೆ ಪರ್ಮಿಷನ್ ಬೇಡ. ರಾಯಲ್ಟಿ ಬರೋದು ಬರೆದವರಿಗೆ, ನಿಮಗಲ್ಲ. ಆದ್ರೂ ಸೆಟ್‌ಲಿಸ್ಟಲ್ಲಿ ಆ ಹಾಡುಗಳನ್ನೂ ಹಾಕಿ ದಯವಿಟ್ಟು, ನಿಮ್ಮ ಹಾಡನ್ನ ಬೇರೆಯವರು ಹಾಡಿದಾಗ ಅವರೂ ಹಾಕಲಿ ಅಂತ ನಿಮಗೂ ಅನ್ಸಲ್ವಾ. ಬರೆದವರು ಯಾರು ಅಂತಾನೇ ಗೊತ್ತಿಲ್ಲದ ಹಳೇ ಜನಪದ ಹಾಡಾದ್ರೆ ಯಾರಿಗೂ ಕಟ್ಟೋದಿಲ್ಲ, ಆದ್ರೆ ಅದಕ್ಕೆ ನೀವೇ ಹೊಸದಾಗಿ ಅರೇಂಜ್‌ಮೆಂಟ್ ಮಾಡಿದ್ರೆ ಅರೇಂಜರ್ ಅಂತ ರಿಜಿಸ್ಟರ್ ಮಾಡಿಸೋಕೆ ಅನೇಕ ಸಂಸ್ಥೆಗಳಲ್ಲಿ ಅವಕಾಶ ಇದೆ. ಹಾಡುಗಳನ್ನ ಕಥೆ, ಪಾತ್ರ, ವೇಷದ ಜೊತೆ ನಾಟಕದ ಥರ ಆಡಿ ತೋರಿಸ್ತೀವಿ ಅಂದ್ರೆ ಮಾತ್ರ ಮಾಮೂಲಿ ಲೈಸೆನ್ಸ್ ಸಾಲಲ್ಲ, ಅದಕ್ಕೆ ಹಕ್ಕು ಇರೋರನ್ನೇ ನೇರವಾಗಿ ಕೇಳ್ಬೇಕು.

ಪ್ರಶ್ನೆ: ಪದ ನಂದು, ಟ್ಯೂನ್ ನನ್ನ ಫ್ರೆಂಡ್‌ದು. ಹಾಡೋದು ಅವನೇ, ಹೆಸರು ಬಂದಿರೋದೂ ಅವನಿಗೇ. ನಾನು ಸ್ಟೇಜ್ ಹತ್ತೋಳಲ್ಲ. ನನಗೆ ಪಾಲು ಉಂಟಾ? ಈಗ ಡ್ರಮ್ಸ್ ಹುಡುಗನೂ ಪಾಲು ಕೇಳ್ತಿದಾನೆ.

ಉತ್ತರ: ಖಂಡಿತ ಉಂಟು ತಾಯಿ. ಲೈವ್ ರಾಯಲ್ಟಿಯಲ್ಲಿ ನನಗೆ ತುಂಬಾ ಇಷ್ಟ ಆಗೋದೇ ಇದು, ಸ್ಟೇಜ್ ಹತ್ತದೇ ಇರೋರನ್ನೂ ಅದು ಮರೆಯಲ್ಲ. ಆದ್ರೆ ರಿಜಿಸ್ಟ್ರೇಷನ್‌ನಲ್ಲಿ ನಿಮ್ಮ ಹೆಸರು ಇರ್ಬೇಕು. ಫ್ರೆಂಡ್ ಒಬ್ಬನೇ ಹಾಡು ರಿಜಿಸ್ಟರ್ ಮಾಡ್ಸಿ ನೂರಕ್ಕೆ ನೂರು ತನ್ನ ಹೆಸರಲ್ಲಿ ಹಾಕ್ಕೊಂಡಿದ್ರೆ ಸಂಸ್ಥೆಗೆ ನೀವು ಯಾರು ಅಂತಾನೇ ಗೊತ್ತಿರಲ್ಲ. ಇವತ್ತೇ ಹೋಗಿ ನೋಡಿ, ಬಹಳಷ್ಟು ಸಂಸ್ಥೆಗಳ ಡೇಟಾಬೇಸಲ್ಲಿ ಹಾಡಿನ ಹೆಸರು ಹಾಕಿ ಹುಡುಕಬಹುದು.

ಹೊಸ ಹಾಡು ಮಾಡಿದಾಗೆಲ್ಲಾ ಒಂದು ಸ್ಪ್ಲಿಟ್ ಶೀಟ್ ಬರ್ಕೊಳ್ಳಿ. ಹಾಡಿನ ಹೆಸರು, ಬರೆದವರ ಹೆಸರು, ಐಪಿಐ ನಂಬರ್, ಯಾರಿಗೆ ಎಷ್ಟು ಪರ್ಸೆಂಟ್, ಎಲ್ಲರ ಸಹಿ. ಒಂದು ಹಾಳೆ ಸಾಕು. ಡ್ರಮ್ಸ್ ನುಡಿಸಿದ ಮಾತ್ರಕ್ಕೆ ಬರವಣಿಗೆಯ ಪಾಲು ಬರಲ್ಲ, ಅವನ ಕೆಲಸಕ್ಕೆ ಪೇಮೆಂಟ್ ಇದೆ. ಟ್ಯೂನ್ ಕಟ್ಟೋದ್ರಲ್ಲಿ ಅವನ ಕೈವಾಡ ಇತ್ತು ಅಂದ್ರೆ ಮಾತು ಬೇರೆ. ಕೆಲವು ಬ್ಯಾಂಡ್‌ಗಳು ಯಾರು ಏನೇ ಮಾಡಿರಲಿ ಎಲ್ಲರಿಗೂ ಸಮ ಪಾಲು ಅಂತ ಮೊದಲೇ ಒಪ್ಪಂದ ಮಾಡ್ಕೊಳ್ತಾರೆ, ಅದೂ ಒಳ್ಳೇದೇ. ಏನೇ ಆದ್ರೂ ಹಾಡು ಹಿಟ್ ಆಗೋಕೆ ಮುಂಚೆ ಮಾತಾಡಿ ಮುಗಿಸಿ. ದುಡ್ಡು ಬರೋಕೆ ಶುರುವಾದ್ಮೇಲೆ ಇದೇ ಮಾತು ಸ್ನೇಹ ಕೆಡಿಸುತ್ತೆ.

ಪಬ್ಲಿಷರ್, ಅಂದ್ರೆ ಬರೆದವರ ಪರವಾಗಿ ಹಾಡಿನ ಹಕ್ಕು ನೋಡ್ಕೊಳ್ಳೋರು, ಅವರ ವಿಚಾರನೂ ಇಲ್ಲೇ ಹೇಳ್ತೀನಿ. ಅನೇಕ ದೇಶಗಳಲ್ಲಿ ರಾಯಲ್ಟಿಯನ್ನ ಬರೆದವರ ಪಾಲು, ಪಬ್ಲಿಷರ್ ಪಾಲು ಅಂತ ಎರಡು ಮಾಡ್ತಾರೆ. ನಿಮಗೆ ಪಬ್ಲಿಷರ್ ಇಲ್ಲದಿದ್ರೆ ಆ ಇನ್ನೊಂದು ಪಾಲು ನಿಮಗೆ ತಾನಾಗೇ ಬರುತ್ತಾ ಅಥವಾ ನೀವೇ ಪಬ್ಲಿಷರ್ ಅಂತ ಬೇರೆ ರಿಜಿಸ್ಟರ್ ಆಗ್ಬೇಕಾ ಅಂತ ಸಂಸ್ಥೆಯನ್ನ ಕೇಳಿ ಖಚಿತ ಮಾಡ್ಕೊಳ್ಳಿ. ಕಂಪನಿಯವರು "ಎಲ್ಲಾ ಹಕ್ಕು ನಮಗೇ" ಅನ್ನೋ ಕಾಗದ ಮುಂದಿಟ್ಟಾಗ ಬರೆದವರ ಪಾಲನ್ನ ಮಾತ್ರ ಬಿಟ್ಟುಕೊಡಬೇಡಿ. ಭಾರತದಲ್ಲಿ 2012ರ ಕಾಪಿರೈಟ್ ತಿದ್ದುಪಡಿ ಇದಕ್ಕೇ ಬಂದಿದ್ದು: ಹಾಡಿನ ಹಕ್ಕನ್ನ ಕಂಪನಿಗೆ ಬರೆದುಕೊಟ್ಟಿದ್ರೂ ಸಾಹಿತಿ, ಸಂಯೋಜಕರಿಗೆ ರಾಯಲ್ಟಿಯಲ್ಲಿ ಸಮ ಪಾಲು ಇದ್ದೇ ಇರುತ್ತೆ, ಅದನ್ನ ವಾರಸುದಾರರಿಗೆ ಅಥವಾ ಐಪಿಆರ್‌ಎಸ್ ಥರದ ಕಾಪಿರೈಟ್ ಸೊಸೈಟಿಗೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡೋಕೆ ಆಗಲ್ಲ. ಥಿಯೇಟರಲ್ಲಿ ಸಿನಿಮಾ ಜೊತೆಗೇ ಹಾಡು ಬರೋದಕ್ಕೆ ಮಾತ್ರ ಇದು ಅನ್ವಯಿಸಲ್ಲ. ಸ್ಟೇಜ್ ಶೋಗೆ ಅನ್ವಯಿಸುತ್ತೆ.

ಪ್ರಶ್ನೆ: ಮೊದಲ ಸಲ ಬೇರೆ ದೇಶಗಳಿಗೆ ಟೂರ್ ಹೋಗ್ತಿದೀವಿ. ಅಲ್ಲಿನ ಸಂಸ್ಥೆಗಳಿಗೂ ಮೆಂಬರ್ ಆಗ್ಬೇಕಾ?

ಉತ್ತರ: ಬೇಡ. ಸಂಸ್ಥೆಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡ್ಕೊಂಡಿರ್ತವೆ. ಅಲ್ಲಿ ವಸೂಲಾದ ದುಡ್ಡು ಅಲ್ಲಿನ ಸಂಸ್ಥೆಯಿಂದ ನಿಮ್ಮ ಸಂಸ್ಥೆಗೆ, ಅಲ್ಲಿಂದ ನಿಮಗೆ. 1926ರಲ್ಲಿ ಶುರುವಾದ ಸಿಸಾಕ್ ಅನ್ನೋ ಒಕ್ಕೂಟದಲ್ಲಿ ಇಂಥ 200ಕ್ಕೂ ಹೆಚ್ಚು ಸಂಸ್ಥೆಗಳಿವೆ. ಹೋಗೋಕೆ ಮುಂಚೆನೇ ನಿಮ್ಮ ಸಂಸ್ಥೆಗೆ ಟೂರ್ ವಿವರ ಕೊಡಿ, ಅಲ್ಲಿ ಪ್ರತಿ ಶೋದಲ್ಲೂ ಸೆಟ್‌ಲಿಸ್ಟ್ ಪ್ರತಿಯನ್ನ ಜಾಗದವರಿಗೆ ಕೊಟ್ಟು ಇನ್ನೊಂದು ನೀವು ಇಟ್ಕೊಳ್ಳಿ, ಐಪಿಐ ನಂಬರ್ ಬರೆಯೋದು ಮರೀಬೇಡಿ ಯಾಕಂದ್ರೆ ನಿಮ್ಮ ಹೆಸರಿನ ಸ್ಪೆಲಿಂಗ್ ಅಲ್ಲಿ ಹತ್ತು ಥರ ಆಗಿಹೋಗುತ್ತೆ. ತಾಳ್ಮೆ ಬೇಕು, ವರ್ಷ ದಾಟಿ ಬಂದ್ರೂ ಆಶ್ಚರ್ಯ ಪಡಬೇಡಿ. ದಾರಿಯಲ್ಲಿ ಎರಡೂ ಸಂಸ್ಥೆಯ ಕಮಿಷನ್, ಕೆಲವು ಕಡೆ ಟ್ಯಾಕ್ಸು ಕಳೆಯುತ್ತೆ.

ಪ್ರಶ್ನೆ: ನಾವೇ ಹಾಲ್ ಬಾಡಿಗೆ ತಗೊಂಡು, ನಾವೇ ಟಿಕೆಟ್ ಮಾರಿ ಶೋ ಮಾಡ್ತಿದೀವಿ. ಎಲ್ಲಾ ನಮ್ಮದೇ ಹಾಡು. ನಮ್ಮ ಹಾಡಿಗೆ ನಾವೇ ಲೈಸೆನ್ಸ್ ಫೀಸು ಕಟ್ಟೋದು ಅಂದ್ರೆ ಹೇಗೆ ಮೇಡಂ?

ಉತ್ತರ: ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಆದ್ರೆ ಮೆಂಬರ್ ಆಗುವಾಗ ಸಹಿ ಹಾಕಿದ ಕಾಗದದಲ್ಲಿ ಏನಿದೆ ಅನ್ನೋದರ ಮೇಲೆ ಇದು ನಿಂತಿದೆ. ಬ್ರಿಟನ್‌ನ ಪಿಆರ್‌ಎಸ್ ಥರದ ಸಂಸ್ಥೆಗಳಿಗೆ ಮೆಂಬರ್ ಆದಾಗ ಸ್ಟೇಜ್ ಹಕ್ಕನ್ನ ನೀವು ಅವರ ಹೆಸರಿಗೇ ವರ್ಗ ಮಾಡಿರ್ತೀರಿ, ಹಾಗಾಗಿ ನಿಮ್ಮದೇ ಹಾಡಾದ್ರೂ ಶೋಗೆ ಲೈಸೆನ್ಸ್ ಬೇಕು, ಕಟ್ಟಿದ ದುಡ್ಡು ಕಮಿಷನ್ ಕಳೆದು ಸೆಟ್‌ಲಿಸ್ಟ್ ಮೂಲಕ ನಿಮಗೇ ವಾಪಸ್ ಬರುತ್ತೆ. ಅಮೆರಿಕದಲ್ಲಿ 1941ರಲ್ಲಿ ಸರ್ಕಾರ ಆಸ್ಕ್ಯಾಪ್ ಮತ್ತು ಬಿಎಂಐ ಮೇಲೆ ಹೂಡಿದ ಕೇಸಿನಿಂದ ಬಂದ ಷರತ್ತುಗಳಿವೆ. ಅವುಗಳ ಪ್ರಕಾರ ಅಲ್ಲಿ ಹಾಡು ಬರೆದವರು ಸಂಸ್ಥೆಯ ಜೊತೆಗಿದ್ದೂ ತಾವೇ ನೇರವಾಗಿ ಲೈಸೆನ್ಸ್ ಕೊಡಬಹುದು. ಬೇರೆ ಕೆಲವು ಸಂಸ್ಥೆಗಳೂ ಇಂಥ ಶೋಗಳಿಗೆ ನೇರ ಲೈಸೆನ್ಸ್ ಅಂತ ದಾರಿ ಇಟ್ಟಿವೆ. ಹಾಗೆ ಮಾಡೋದಾದ್ರೆ ಸಂಸ್ಥೆಗೆ ಬರವಣಿಗೆಯಲ್ಲಿ ತಿಳಿಸಿ, ಜೊತೆಗೆ ಬರೆದವರು ಯಾರಾದ್ರೂ ಇದ್ರೆ ಅವರನ್ನೂ ಕೇಳಿ, ಆ ಶೋದಲ್ಲಿ ಬೇರೆಯವರ ಹಾಡು ಒಂದೂ ಇರಬಾರದು. ಓಪನಿಂಗ್‌ಗೆ ಕರೆದಿರೋ ಹುಡುಗರು ಏನು ಹಾಡ್ತಾರೆ ಅಂತಾನೂ ಮೊದಲೇ ಕೇಳಿಟ್ಕೊಳ್ಳಿ, ಅವರು ಬೇರೆಯವರ ಹಾಡು ಒಂದು ಹಾಡಿದ್ರೂ ಹಾಲ್‌ಗೆ ಮಾಮೂಲಿ ಲೈಸೆನ್ಸ್ ಬೇಕಾಗುತ್ತೆ.